ಕುಂಟುವ ಎಂಜಿನ್ ಮತ್ತು ಆವೃತ್ತಿಯ ಪಾಠ

ಒಂಬತ್ತನೇ ತರಗತಿಯ ‘ಶಬ್ದ’ ಅಧ್ಯಾಯಕ್ಕೆ ನಾವು ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಶ್ರುತಿಕವೆ ಹಿಡಿದುಕೊಂಡು ಹೋಗುತ್ತೇವೆ. ಹರಿಹರದ ಕಡೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸಕ್ಕಿದ್ದಾಗ ನನಗೆ ಅದಕ್ಕಿಂತ ಒಳ್ಳೆಯ ಬೋಧನೋಪಕರಣ ಸಿಕ್ಕಿತು. ಎಸ್‌ಡಿಎಂಸಿ ಸದಸ್ಯರೊಬ್ಬರ ಹಳೆಯ ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಐಡ್ಲಿಂಗ್‌ನಲ್ಲಿ ನಿಂತಾಗ ಬಾನೆಟ್ ಸಮೇತ ನಡುಗುತ್ತಿತ್ತು. ಪೇಟೆಯ ವರ್ಕ್‌ಶಾಪಿನವರು ಡೀಸೆಲ್ ಪಂಪು ಬಿಚ್ಚಿ ರಿಪೇರಿ ಮಾಡಬೇಕು ಎಂದಿದ್ದರಂತೆ. ನಾಟಿ ಹತ್ತಿರವಿತ್ತು. ಪಂಪು ಬಿಚ್ಚಿದರೆ ದುಡ್ಡೂ ಹೋಗುತ್ತದೆ, ಗಾಡಿಯೂ ಮೂಲೆಗೆ ಬೀಳುತ್ತದೆ ಎಂಬುದು ಅವರ ಚಿಂತೆ. ನಮ್ಮಪ್ಪ ಟ್ರ್ಯಾಕ್ಟರ್ ಮೆಕ್ಯಾನಿಕ್. ಸ್ಪ್ಯಾನರ್ ನನಗೆ ಹೊಸದಲ್ಲ. ಮಾಲೀಕರನ್ನೂ ಮುಖ್ಯ ಶಿಕ್ಷಕರನ್ನೂ ಒಪ್ಪಿಸಿ ಗಾಡಿಯನ್ನು ಮೈದಾನಕ್ಕೆ ತರಿಸಿದೆ.

ಮೊದಲ ಹತ್ತು ನಿಮಿಷ ಕೇಳುವುದಷ್ಟೇ ಕೆಲಸ. ಹಿಂದಿನ ಬೆಂಚಿನ ಹುಡುಗ, ತರಗತಿಯಲ್ಲಿ ಅಲ್ಲಿಯವರೆಗೆ ಬಾಯಿ ತೆರೆಯದವನು, “ಮಿಸ್ ಹೊಡೀತೈತಿ, ಮಿಸ್” ಎಂದ. ಎಲ್ಲರೂ ನಕ್ಕರು. ಆದರೆ ಅವನು ಹೇಳಿದ್ದು ಒಂದು ಊಹೆ, ಮತ್ತು ಪರೀಕ್ಷಿಸಬಹುದಾದ ಊಹೆ. ಎಂಜಿನ್ ತಡವರಿಸುವುದರಲ್ಲಿ ಎರಡು ಬಗೆ. ಒಂದು, ವೇಗ ನಿಧಾನವಾಗಿ ಏರುವುದು, ಇಳಿಯುವುದು, ಮತ್ತೆ ಏರುವುದು. ಆಗ ಡೀಸೆಲ್ ಲೈನಿನಲ್ಲಿ ಗಾಳಿ, ಕಟ್ಟಿದ ಫಿಲ್ಟರ್ ಅಥವಾ ಗವರ್ನರ್ ಮೇಲೆ ಅನುಮಾನ. ಇನ್ನೊಂದು ಕುಂಟು: ಯಾವುದೋ ಒಂದು ಸಿಲಿಂಡರ್ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲ.

ಇಲ್ಲಿ ಲೆಕ್ಕ ಬೋರ್ಡಿಗೆ ಬಂತು. ನಾಲ್ಕು ಸ್ಟ್ರೋಕ್ ಎಂಜಿನ್ನಿನ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ನಿಮಿಷಕ್ಕೆ 700 ಸುತ್ತು ಎಂದುಕೊಂಡರೆ ಮೂರು ಸಿಲಿಂಡರಿಗೆ 1050 ಬಡಿತ, ಅಂದರೆ ಸೆಕೆಂಡಿಗೆ 17.5. ಒಂದು ಸಿಲಿಂಡರ್ ಸುಮ್ಮನಾದರೆ ಸೆಕೆಂಡಿಗೆ ಸುಮಾರು ಆರು ಸಲ ಖಾಲಿ ಜಾಗ ಬೀಳಬೇಕು. ಕಿವಿಯಿಂದ ಇದನ್ನು ಎಣಿಸಲಾಗದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಾಲು ವೇಗದಲ್ಲಿ ಹಾಕಿದೆ. ದಡ್, ದಡ್, ಖಾಲಿ. ದಡ್, ದಡ್, ಖಾಲಿ. ಹುಡುಗನ ಊಹೆ ನಿಂತಿತು.

ಯಾವ ಸಿಲಿಂಡರ್? ಎಂಜಿನ್ ಓಡುತ್ತಿರುವಾಗಲೇ ನಾಜಲ್‌ಗೆ ಹೋಗುವ ಪೈಪಿನ ನಟ್ಟನ್ನು, ಬಟ್ಟೆ ಸುತ್ತಿ, ಒಂದೊಂದಾಗಿ ಸಡಿಲಿಸಿ ಮತ್ತೆ ಬಿಗಿ ಮಾಡುತ್ತ ಹೋಗಬೇಕು. ಮಕ್ಕಳನ್ನು ಗೆರೆ ಎಳೆದು ದೂರ ನಿಲ್ಲಿಸಿದ್ದೆ, ನಾನು ಕನ್ನಡಕ ಹಾಕಿದ್ದೆ. ಇಂಥ ಹಳೆಯ ಎಂಜಿನ್‌ಗಳಲ್ಲಿ ನಾಜಲ್ ತೆರೆಯುವ ಒತ್ತಡ ಸುಮಾರು 200 ಬಾರ್. ಆ ಧಾರೆ ಚರ್ಮದೊಳಗೆ ನುಗ್ಗಬಲ್ಲದು. ಹೊಸ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ ಇದರ ಎಷ್ಟೋ ಪಟ್ಟು, ಅಲ್ಲಿ ಈ ಪರೀಕ್ಷೆ ಮಾಡಲೇಬಾರದು. ಒಂದನೆಯದನ್ನು ಸಡಿಲಿಸಿದಾಗ ಎಂಜಿನ್ ಆರಿಹೋಗುವ ಹಾಗಾಯಿತು, ಮೂರನೆಯದರಲ್ಲೂ ಹಾಗೆಯೇ. ಎರಡನೆಯದರಲ್ಲಿ ಸದ್ದು ಒಂದಿಷ್ಟೂ ಬದಲಾಗಲಿಲ್ಲ.

ನಾಜಲ್ ಕೆಟ್ಟಿದೆ ಎಂದು ಅರ್ಧ ತರಗತಿ ಕೂಗಿತು. ಮುಂದಿನ ಸಾಲಿನ ಹುಡುಗಿ ಒಪ್ಪಲಿಲ್ಲ: “ಪಂಪಿಂದ ಅದಕ್ಕೆ ಡೀಸೆಲ್ಲೇ ಬರ್ತಿಲ್ಲ ಅಂದ್ರೆ?” ನಟ್ಟಿನ ಸಂದಿಯಲ್ಲಿ ಡೀಸೆಲ್ ಚಿಮ್ಮಿದ್ದನ್ನು ಎಲ್ಲರೂ ನೋಡಿದ್ದರು. ಬರುತ್ತಿದೆ ಎಂಬುದು ಅದರಿಂದ ಗೊತ್ತಾಯಿತು, ಸಾಕಷ್ಟು ಬರುತ್ತಿದೆ ಎಂಬುದಲ್ಲ. ಕಂಪ್ರೆಷನ್ ಕಡಿಮೆಯಾಗಿದ್ದರೂ ಇದೇ ಲಕ್ಷಣ. ಹಾಗಾದರೆ ನಾಜಲ್, ಪಂಪು, ಕಂಪ್ರೆಷನ್ ಮೂರನ್ನೂ ಬೇರ್ಪಡಿಸುವುದು ಹೇಗೆ ಎಂದು ಕೇಳುವಷ್ಟರಲ್ಲಿ ಗಂಟೆ ಹೊಡೆಯಿತು.

ಅವಲೋಕನ ಪತ್ರದಲ್ಲಿ “ಪಾಠಕ್ಕೆ ಮುಕ್ತಾಯವಿಲ್ಲ” ಎಂಬ ಷರಾ ಬಂತು. ಅವಲೋಕಿಸಿದ ಉಪನ್ಯಾಸಕರ ಮೇಲೆ ನನಗೆ ಗೌರವವಿದೆ, ಆದರೂ ಈ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಗಂಟೆ ಹೊಡೆಯಿತೆಂದು ನಾನು “ನಾಜಲ್” ಎಂದು ಉತ್ತರ ಬರೆಸಿದ್ದರೆ ಪಾಠಯೋಜನೆಯ ಕೊನೆಯ ಕಾಲಂ ತುಂಬುತ್ತಿತ್ತು, ಆ ಹುಡುಗಿಯ ಪ್ರಶ್ನೆ ಸಾಯುತ್ತಿತ್ತು. ಪರೀಕ್ಷೆಗೆ ಮುಂಚೆ ಉತ್ತರ ಹೇಳಿದ್ದಕ್ಕೇ ಅಲ್ಲವೇ ಆ ಮಾಲೀಕರು ಪಂಪಿನ ಖರ್ಚಿಗೆ ಹೆದರಿ ಕೂತಿದ್ದು?

ದಾರಿಯನ್ನು ಮಕ್ಕಳೇ ಊಟದ ಬಿಡುವಿನಲ್ಲಿ ಹುಡುಕಿದರು: ಒಂದನೆಯ ಮತ್ತು ಎರಡನೆಯ ನಾಜಲ್ ಅದಲುಬದಲು ಮಾಡುವುದು. ದೋಷ ನಾಜಲ್ ಜೊತೆ ಹೋದರೆ ನಾಜಲ್‌ನದು, ಅಲ್ಲೇ ಉಳಿದರೆ ಪಂಪು ಅಥವಾ ಕಂಪ್ರೆಷನ್. ಶಾಲೆ ಬಿಟ್ಟ ಮೇಲೆ ಮಾಲೀಕರೂ ನಾನೂ ಸೇರಿ, ಹೊಸ ತಾಮ್ರದ ವಾಷರ್ ಹಾಕಿ, ಬದಲಿಸಿದೆವು. ಏರ್ ತೆಗೆದು ಚಾಲೂ ಮಾಡಿ ನಟ್ಟು ಸಡಿಲಿಸಿದರೆ ಈಗ ಒಂದನೆಯದು ಸುಮ್ಮನಿತ್ತು, ಎರಡನೆಯದು ದುಡಿಯುತ್ತಿತ್ತು. ಪಂಪನ್ನು ಯಾರೂ ಮುಟ್ಟಲಿಲ್ಲ. ಆ ನಾಜಲ್ಲನ್ನು ಹರಿಹರದಲ್ಲಿ ಟೆಸ್ಟಿಂಗ್ ಮೆಷಿನ್ನಿಗೆ ಹಾಕಿಸಿದಾಗ ಮಂಜಿನಂತೆ ಚಿಮ್ಮುವ ಬದಲು ತೊಟ್ಟಿಕ್ಕಿತಂತೆ.

ಹೊಸ ನಾಜಲ್ ಹಾಕಿದ ಮೇಲೆ ಮತ್ತೊಮ್ಮೆ ರೆಕಾರ್ಡ್ ಮಾಡಿ ತರಗತಿಯಲ್ಲಿ ಕಾಲು ವೇಗದಲ್ಲಿ ಕೇಳಿಸಿದೆ. ನಾಲ್ಕು ಸೆಕೆಂಡಿನ ಬಡಿತ ಎಣಿಸಲು ಹೇಳಿದೆ. ಹಿಂದಿನ ಬೆಂಚಿನವನು 17 ಎಂದು ಬರೆದ, ಮುಂದಿನ ಸಾಲಿನವಳು 18. ಇಬ್ಬರಿಗೂ ಪೂರ್ತಿ ಅಂಕ ಕೊಟ್ಟೆ.