ಕೈತಿರುವಿನ ಜಾಯಿಂಟು

ಪೈಪು ಕೊಳ್ಳುವಾಗ ದಪ್ಪ ನೋಡುತ್ತೇವೆ, ಉದ್ದ ನೋಡುತ್ತೇವೆ, ಬೆಲೆಗೆ ಚೌಕಾಸಿ ಮಾಡುತ್ತೇವೆ. ಜಾಯಿಂಟನ್ನು ಮಾತ್ರ ಯಾರೂ ಕೈಗೆತ್ತಿಕೊಂಡು ನೋಡುವುದಿಲ್ಲ. ಸೋರುವುದು ಅಲ್ಲೇ! ಶೇಂಗಾ ಹೊಲದಲ್ಲಿ ಸ್ಪ್ರಿಂಕ್ಲರ್ ಪೈಪು ಹೊತ್ತು ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. 20 ಅಡಿಯ ಕರೀ ಪೈಪು, ತುದಿಗೆ ಕೊಂಡಿಯ ಕ್ಲಾಂಪು. ಸಿಕ್ಕಿಸಿ ಒತ್ತಿದರೆ ಆಯಿತು. ಪಾನಾ ಬೇಡ, ಸಲ್ಯೂಷನ್ ಬೇಡ. ಥ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಕತ್ತಲಲ್ಲೂ ಕೂಡಿಸಬಹುದು. ಅದನ್ನು ಯೋಚಿಸಿದ ತಲೆಗೆ ನನ್ನ ನಮಸ್ಕಾರ. ಆದರೆ ಕೊಂಡಿ ಹೊರಗೆ ಚಾಚಿಕೊಂಡಿರುತ್ತದೆ. ಎತ್ತಿ ಹಾಕುವಾಗ ಬಾಗುತ್ತದೆ, ತುಕ್ಕು ಹಿಡಿಯುತ್ತದೆ, ಕೊನೆಗೆ ಹಳೇ ಸೈಕಲ್ ಟ್ಯೂಬು ಸುತ್ತುವ ಸ್ಥಿತಿ ಬರುತ್ತದೆ. ಕೊಂಡಿಯೇ ಇಲ್ಲದೆ, ಬರಿಗೈಯಲ್ಲಿ ತಿರುವಿದರೆ ಕೂರುವ ಪ್ಲಾಸ್ಟಿಕ್ ಜಾಯಿಂಟು ಮಾಡಿದರೆ ಹೇಗಿರಬೇಕು?

ಮನೆಯ ಬಲ್ಬ್ ಹೋಲ್ಡರನ್ನೇ ನೋಡಿ. ಒತ್ತಿ, ತಿರುಗಿಸಿ, ಕೈ ಬಿಟ್ಟರೆ ಒಳಗಿನ ಸ್ಪ್ರಿಂಗು ಬಲ್ಬನ್ನು ಹೊರಕ್ಕೆ ತಳ್ಳುತ್ತದೆ. ಬಲ್ಬಿನ ಪಿನ್ನು ಹೋಲ್ಡರಿನ ಕಚ್ಚಿನ ಕೊನೆಯ ಗುಳಿಗೆ ಬಿದ್ದು ಕೂರುತ್ತದೆ. ಪೈಪಿನಲ್ಲಿ ಸ್ಪ್ರಿಂಗಿನ ಕೆಲಸಕ್ಕೆ ನೀರೇ ಇದೆಯಲ್ಲ! 63 ಮಿ.ಮೀ. ಪೈಪಿನ ಅಡ್ಡಕೊಯ್ತ ಸುಮಾರು 31 ಚದರ ಸೆಂ.ಮೀ. ಚದರ ಸೆಂ.ಮೀ.ಗೆ 2.5 ಕೆ.ಜಿ. ಒತ್ತಡವಿದ್ದರೆ ಎರಡು ಪೈಪುಗಳನ್ನು ಬೇರ್ಪಡಿಸಲು ನೀರು 75 ಕೆ.ಜಿ.ಗೂ ಹೆಚ್ಚು ಬಲ ಹಾಕುತ್ತಿರುತ್ತದೆ. ಆ ಬಲವೇ ಪಿನ್ನನ್ನು ಗುಳಿಯಲ್ಲಿ ಬಿಗಿಹಿಡಿದರೆ, ಮೋಟಾರು ಓಡುವಾಗ ಯಾರು ತಿರುವಿದರೂ ಜಾಯಿಂಟು ಬಿಚ್ಚದು. ಪಿನ್ನು ಮಾತ್ರ ಸಣ್ಣದಾಗಬಾರದು. ಪ್ಲಾಸ್ಟಿಕ್ಕು ಸದಾ ಭಾರ ಹೊತ್ತರೆ ಮೆಲ್ಲಗೆ ಜಗ್ಗುತ್ತದೆ. ಮೂರು ನಾಲ್ಕು ಅಗಲವಾದ ಕಿವಿಗಳಿಗೆ ಭಾರ ಹಂಚಬೇಕು.

ಸೋರದಂತೆ ತಡೆಯುವ ಕೆಲಸವನ್ನು ತಿರುವಿಗೆ ಹೊರಿಸಲೇಬಾರದು. ಬಿಗಿ ಮಾಡಿದಷ್ಟೂ ಸೋರುವುದಿಲ್ಲ ಅನ್ನುವುದು ಥ್ರೆಡ್ಡಿನ ಜಾಯಿಂಟಿನ ಲೆಕ್ಕ. ಪಾನಾ ಬೇಕಾಗುವುದೂ ಅದಕ್ಕೇ. ಪೈಪಿನ ಮೈಸುತ್ತ ರಬ್ಬರಿನ ಓ-ರಿಂಗು ಕೂರಿಸಿದರೆ, ನೀರಿನ ಒತ್ತಡ ಏರಿದಂತೆ ಅದು ಸಂದಿಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ಈ ಪೈಪು ಬಿಸಿಲಿಗೆ ಹಿಗ್ಗುವುದೂ ಕಡಿಮೆಯಲ್ಲ: 30 ಡಿಗ್ರಿ ಕಾವೇರಿದರೆ 20 ಅಡಿಗೆ ಮೂರು ಸೆಂ.ಮೀ. ಆದೀತು. ಜಾಯಿಂಟಿನೊಳಗೆ ತುದಿ ತುಸು ಸರಿದಾಡಿದರೂ ಮೈಸುತ್ತಲಿನ ರಿಂಗು ಬಿಟ್ಟುಕೊಡುವುದಿಲ್ಲ.

ಇನ್ನು ಕೈ. ಹೊಲದ ಕೈಗೆ ಕೆಸರು ಮೆತ್ತಿರುತ್ತದೆ. ಮಣಿಕಟ್ಟು ಒಂದೇ ಸಲಕ್ಕೆ ಸುಲಭವಾಗಿ ಹೊರಳುವುದು ಕಾಲು ಸುತ್ತು. ತಿರುವೂ ಅಷ್ಟೇ ಇರಲಿ. ಕಚ್ಚುಗಳು ಹೊರಕ್ಕೆ ತೆರೆದಿರಲಿ, ಮರಳು ಸಿಕ್ಕಿದರೆ ಒಂದು ಚೊಂಬು ನೀರಿಗೆ ತೊಳೆದುಹೋಗಬೇಕು.

ಒಂದರೊಳಗೊಂದು ಕೂರುವ ತುದಿಗಳನ್ನು ಪ್ಲಂಬರುಗಳು ಗಂಡು, ಹೆಣ್ಣು ಅನ್ನುತ್ತಾರಲ್ಲ, ಆ ಭೇದವನ್ನೇ ತೆಗೆದವರು ಕಾರ್ಲ್ ಆಗಸ್ಟ್ ಗೈಡೋ ಸ್ಟೋರ್ಜ್. 1882ರಲ್ಲಿ ಅವರು ರೂಪಿಸಿದ ಕಪ್ಲಿಂಗಿನ ಎರಡು ತುದಿಯೂ ಒಂದೇ ರೂಪ. ತಿರುವಿದರೆ ಕೂಡಿಕೊಳ್ಳುತ್ತದೆ, ಇಂದಿಗೂ ಅಗ್ನಿಶಾಮಕ ದಳಗಳು ಬಳಸುತ್ತವೆ. ಅಳತೆ ಹೊಂದದಿದ್ದರೆ ಏನಾಗುತ್ತದೆ ಅನ್ನುವುದನ್ನು 1904ರಲ್ಲಿ ಅಮೆರಿಕದ ಬಾಲ್ಟಿಮೋರ್ ಕಂಡಿತು. ಊರಿಗೆ ಬೆಂಕಿ ಬಿದ್ದಾಗ ಬೇರೆ ನಗರಗಳಿಂದ ನೆರವಿಗೆ ಬಂದ ಹಲವರ ಪೈಪುಗಳು ಅಲ್ಲಿನ ಹೈಡ್ರಂಟಿಗೆ ಕೂರಲಿಲ್ಲ. ಸುಮಾರು 1,500 ಕಟ್ಟಡ ಸುಟ್ಟುಹೋದವು.

ಹಾಗಾಗಿ ಪೈಪು ತಯಾರಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಒಬ್ಬರ ಜಾಯಿಂಟಿಗೆ ಇನ್ನೊಬ್ಬರ ಪೈಪು ಕೂರುವಂತೆ ಅಳತೆ ಒಂದು ಮಾಡಿ. ರಬ್ಬರ್ ರಿಂಗನ್ನು ಹಳ್ಳಿಯ ಅಂಗಡಿಯಲ್ಲೂ ಬಿಡಿಯಾಗಿ ಸಿಗುವಂತೆ ಮಾಡಿ.