ಎರಡು ತಿಂಗಳಿಂದ ನೀರು ಎಲ್ಲಿಗೆ ಹೋಗುತ್ತಿತ್ತು?

ಅಮ್ಮನನ್ನು ಕುಮಟಾದ ಡಾಕ್ಟರಿಗೆ ತೋರಿಸಲು ಭಟ್ಕಳದಿಂದ ನನ್ನ ಹಳೇ ಕಾರಿನಲ್ಲಿ ಹೊರಟಿದ್ದೆವು. ಮಂಕಿ ದಾಟುವಾಗ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಹೊನ್ನಾವರ ಇನ್ನೇನು ಬಂತು, ಅಲ್ಲೇ ನೀರು ಹಾಕಿದರಾಯಿತು ಎಂದುಕೊಂಡು ನಿಲ್ಲಿಸಲಿಲ್ಲ. ಶರಾವತಿ ಸೇತುವೆಗೆ ಮೊದಲೇ, ಕಾಸರಕೋಡದಲ್ಲಿ, ಬಾನೆಟ್ಟಿನಿಂದ ಹಬೆ ಎದ್ದಿತು.

ಇಳಿದವನೇ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ. ಅಮ್ಮ ಗದರಿದಳು: "ಸೀಟಿ ಹೊಡೆಯೋ ಕುಕ್ಕರಿನ ಮುಚ್ಚಳ ಯಾರಾದ್ರೂ ತೆಗೀತಾರೇನೋ?" ಅವಳು ಹೇಳಿದ್ದು ಸರಿಯಾಗಿತ್ತು. ಒತ್ತಡ ಇರುವಾಗ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಕುದಿದು ಮುಖಕ್ಕೆ ಹಾರುತ್ತದೆ.

ಅಮ್ಮನನ್ನು ಬಸ್ಸು ಹತ್ತಿಸಿ ಮನೆಗೆ ಕಳಿಸಿದೆ. ಕಾರನ್ನು ಎಳೆಸಿಕೊಂಡು ಹೊನ್ನಾವರದ ಗ್ಯಾರೇಜಿಗೆ ಹೋದೆ.

"ನೀರು ಎಷ್ಟು ದಿನದಿಂದ ಕಮ್ಮಿ ಆಗ್ತಾ ಇತ್ತು?" ಮೆಕ್ಯಾನಿಕ್ ಕೇಳಿದರು.

"ಎರಡು ತಿಂಗಳು ಅಣ್ಣ. ವಾರಕ್ಕೊಮ್ಮೆ ಬೋರ್‌ವೆಲ್ ನೀರು ಹಾಕ್ತಿದ್ದೆ."

"ಊರವರ ಸುದ್ದಿಯೆಲ್ಲ ಕೇಳ್ತೀರಿ. ಈ ನೀರು ಎಲ್ಲಿಗೆ ಹೋಗ್ತದೆ ಅಂತ ಕೇಳ್ಲಿಲ್ವಾ ಮಾರಾಯ್ರೆ?"

ಹೋಸ್ ಪೈಪಿನ ಕ್ಲಿಪ್ಪಿನ ಬಳಿ ಸಣ್ಣ ಸೋರಿಕೆ ಇತ್ತು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿ ರೇಡಿಯೇಟರ್ ಅರ್ಧ ಮುಚ್ಚಿಹೋಗಿತ್ತು. ಎಂಜಿನ್ ತಣಿದ ಮೇಲೆ ಅವರು ನೀರು ತುಂಬಿ, ಮುಚ್ಚಳ ಹಾಕದೆ ಸ್ವಲ್ಪ ಹೊತ್ತು ಚಾಲೂ ಮಾಡಿದರು. ನೀರಿನಲ್ಲಿ ಗುಳ್ಳೆಗಳು ಏಳುತ್ತಲೇ ಇದ್ದವು. ಆಫ್ ಮಾಡಿ ಆಯಿಲ್ ಮುಚ್ಚಳ ತೆಗೆದರೆ ಅದರ ಅಡಿಯಲ್ಲಿ ಹಾಲು ಹಾಕಿದ ಚಹಾದ ಬಣ್ಣದ ಕೆನೆ. "ಹೆಡ್ ಗ್ಯಾಸ್ಕೆಟ್ ಹೋಗಿದೆ," ಎಂದರು. ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವೆ ಇರುವ ತೆಳು ಹಾಳೆ ಅದು. ಬೆಂಕಿ, ಆಯಿಲ್, ನೀರು ಒಂದರೊಳಗೊಂದು ಸೇರದಂತೆ ತಡೆಯುವುದು ಅದರ ಕೆಲಸ.

ಹೆಡ್ ಬಿಚ್ಚಿ ಉಕ್ಕಿನ ಪಟ್ಟಿ ಇಟ್ಟು ನೋಡಿದರು. ಕಾವಿಗೆ ಬಾಗಿತ್ತು. ಅದನ್ನು ಲೇತ್‌ಗೆ ಕಳಿಸಿ ಮಟ್ಟ ಮಾಡಿಸಿದರು. ಹೊಸ ಗ್ಯಾಸ್ಕೆಟ್ ಕೂರಿಸಿ, ನಡುವಿನಿಂದ ಹೊರಕ್ಕೆ, ಟಾರ್ಕ್ ರೆಂಚಿನಲ್ಲಿ ಹಂತಹಂತವಾಗಿ ಬೋಲ್ಟು ಬಿಗಿದರು. ಹೋಸ್, ಥರ್ಮೋಸ್ಟಾಟ್, ಆಯಿಲ್ ಹೊಸದು. ರೇಡಿಯೇಟರ್ ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲೆಂಟ್ ತುಂಬಿದರು. ಬಿಲ್ಲು 14,500 ರೂಪಾಯಿ, ನನ್ನ ಎರಡು ತಿಂಗಳ ಸುದ್ದಿ ಸಂಪಾದನೆ. ಮೊದಲ ವಾರವೇ ತೋರಿಸಿದ್ದರೆ ಒಂದು ಹೋಸ್, ಒಂದು ಕ್ಲಿಪ್ಪಿನಲ್ಲಿ ಮುಗಿಯುತ್ತಿತ್ತು.

ನಿಮ್ಮಲ್ಲೂ ಹಳೇ ಕಾರಿದ್ದರೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಬಾಟಲಿ ನೋಡಿ. ಮಟ್ಟ ಇಳಿಯುತ್ತಲೇ ಇದ್ದರೆ ಬರೀ ತುಂಬಿಸುತ್ತಾ ಹೋಗಬೇಡಿ, ಕಾರಣ ಹುಡುಕಿಸಿ. ಮುಳ್ಳು ಏರಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಪೂರ್ತಿ ತಣಿಯುವ ತನಕ ಮುಚ್ಚಳ ಮುಟ್ಟಬೇಡಿ.

ಮುಂದಿನ ವಾರ ಅಮ್ಮನನ್ನು ಮತ್ತೆ ಕುಮಟಾಕ್ಕೆ ಕರೆದೊಯ್ದೆ. ದಾರಿಯುದ್ದಕ್ಕೂ ಅವಳು ಮುಳ್ಳಿನ ಮೇಲೇ ಕಣ್ಣಿಟ್ಟು ಕೂತಿದ್ದಳು.