ವೈಫೈ ಇದೆ, ನೆಟ್ ಇಲ್ಲ: ಚಿಕ್ಕಮ್ಮನಿಗೊಂದು ಕಾಗದ

ಬೆಂಗಳೂರು

ಪ್ರೀತಿಯ ಚಿಕ್ಕಮ್ಮ,

ನಿನ್ನ ಲ್ಯಾಪ್‌ಟಾಪ್ ಕೆಟ್ಟಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ನೀನು ನಿಧಾನವಾಗಿ ಓದಬಹುದು. ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ತೊಂದರೆ ಏನೆಂಬುದು ಅದರಲ್ಲೇ ಕಾಣುತ್ತದೆ. ಹೊಸ ಭಾಗ ಹಾಕಿಸುವುದು ಬೇಡ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಪೇಟೆಯ ಅಂಗಡಿಯಲ್ಲಿ ಐದು ನಿಮಿಷ ನೋಡಿ ‘ವೈಫೈ ಕಾರ್ಡ್ ಹೋಗಿದೆ, ಫಾರ್ಮ್ಯಾಟ್ ಮಾಡಬೇಕು’ ಅಂದರಂತಲ್ಲ, ಅದನ್ನು ಕೇಳಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕಾರ್ಡ್ ಹೋಗಿದ್ದರೆ ಮನೆಯ ವೈಫೈ ಹೆಸರೇ ಪರದೆಯ ಮೇಲೆ ಕಾಣುತ್ತಿರಲಿಲ್ಲ. ಹೋದ ಕಾರ್ಡು ಫಾರ್ಮ್ಯಾಟ್ ಮಾಡಿದರೆ ಸರಿಯಾಗುವುದೂ ಇಲ್ಲ. ಹತ್ತನೇ ಕ್ಲಾಸಿನ ಮಕ್ಕಳಿಗಾಗಿ ನೀನು ಬರೆದಿಟ್ಟ ಲೆಕ್ಕಗಳು, ಜಿಯೋಜೀಬ್ರಾದಲ್ಲಿ ಎಳೆದ ವೃತ್ತ, ಸ್ಪರ್ಶಕಗಳ ಚಿತ್ರಗಳು, ಎಲ್ಲವೂ ಅಳಿಸಿಹೋಗುತ್ತಿದ್ದವು. ‘ನಮ್ಮ ಹುಡುಗಿಯನ್ನು ಕೇಳಿ ಹೇಳುತ್ತೇನೆ’ ಎಂದು ನೀನು ಅದನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದ್ದು ಎಷ್ಟು ಒಳ್ಳೆಯದಾಯಿತು.

ಫೋನಿನಲ್ಲೇ ‘ಇಲ್ಲಿ ಒತ್ತು, ಅಲ್ಲಿ ಒತ್ತು’ ಎಂದು ಹೇಳಿ ಮುಗಿಸಬಹುದಿತ್ತು. ಬೇಡ ಅಂದವಳು ನೀನೇ. ಯಾಕೆ ಹೀಗಾಯಿತು ಅಂತ ತಿಳಿಯಬೇಕು, ವಾಟ್ಸಾಪಿನಲ್ಲಿ ಬರೆದರೆ ಮೇಲೆ ಹೋಗಿಬಿಡುತ್ತದೆ, ಕಾಗದದಲ್ಲಿ ಬರೆ, ಅಲ್ಲಿಯವರೆಗೆ ಕ್ಲಾಸನ್ನು ಫೋನಿನಲ್ಲೇ ನಡೆಸುತ್ತೇನೆ ಅಂದೆ. ಆ ಮಾತು ನನಗೆ ತುಂಬ ಹಿಡಿಸಿತು. ಹಾಗಾಗಿ ಏನನ್ನೂ ಮುಚ್ಚಿಡದೆ ಬರೆಯುತ್ತೇನೆ. ಟೈಪ್ ಮಾಡಬೇಕಾದ ಇಂಗ್ಲಿಷ್ ಅಕ್ಷರಗಳನ್ನು ಬೇರೆ ಚೀಟಿಯಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ.

ಬೆಟ್ಟದ ಪೈಪಿನಲ್ಲಿ ನೀರು ನಿಂತಾಗ ನೀನು ನಲ್ಲಿ ಬಿಚ್ಚಲು ಹೋಗುವುದಿಲ್ಲ. ಕತ್ತಿ ಹಿಡಿದು ಪೈಪಿನ ಗುಂಟ ಹತ್ತುತ್ತೀಯ. ಒಂದೊಂದು ಜಾಯಿಂಟಿನಲ್ಲಿ ನೀರಿದೆಯೋ ಇಲ್ಲವೋ ನೋಡುತ್ತೀಯ. ಮೇಲಿನ ಜಾಯಿಂಟಿನಲ್ಲಿ ಇದೆ, ಕೆಳಗಿನದರಲ್ಲಿ ಇಲ್ಲ ಅಂದಮೇಲೆ ಕಸ ಕಟ್ಟಿದ್ದು ಆ ಎರಡರ ನಡುವೆಯೇ. ಇಲ್ಲಿಯೂ ಮಾಡಬೇಕಾದದ್ದು ಅಷ್ಟೆ. ಅಂಗಡಿಯವರಿಗೆ ಇಲ್ಲದಿದ್ದದ್ದು ಆ ತಾಳ್ಮೆ, ನಿನಗೆ ಅದು ಮೊದಲಿನಿಂದಲೂ ಇದೆ.

ವೈಫೈ ಕನೆಕ್ಟ್ ಆಗಿದೆ ಅಂದರೆ ಲ್ಯಾಪ್‌ಟಾಪಿಗೂ ಗೋಡೆಗೆ ಹೊಡೆದ ವೈಫೈ ಡಬ್ಬಿಗೂ ನಡುವೆ ರೇಡಿಯೊ ಸಂಪರ್ಕ ಆಗಿದೆ, ಪಾಸ್‌ವರ್ಡ್ ಸರಿ ಇದೆ, ಅಷ್ಟು ಮಾತ್ರ. ಡಬ್ಬಿಯಿಂದ ಆಚೆಗೆ ಏನಿದೆ ಏನಿಲ್ಲ ಎಂಬುದನ್ನು ಆ ಗುರುತು ಹೇಳುವುದಿಲ್ಲ. ಹಾಗಾದರೆ ಮೂಲೆಯಲ್ಲಿ ಗೋಲದ ಚಿತ್ರ ಬಂದು ‘ನೋ ಇಂಟರ್ನೆಟ್’ ಅಂತ ತೋರಿಸುತ್ತದಲ್ಲ, ಅದು ವಿಂಡೋಸಿಗೆ ಹೇಗೆ ಗೊತ್ತಾಗುತ್ತದೆ? ನಿನಗೆ ಈ ವಿಷಯ ಇಷ್ಟವಾಗುತ್ತದೆ. ನೆಟ್‌ವರ್ಕಿಗೆ ಸೇರಿದ ಕೂಡಲೇ ವಿಂಡೋಸ್ ತಾನಾಗಿ ಮೈಕ್ರೋಸಾಫ್ಟಿನ ಒಂದು ವಿಳಾಸಕ್ಕೆ ಹೋಗಿ ಒಂದು ಸಣ್ಣ ಫೈಲು ಕೇಳುತ್ತದೆ. ಆ ಫೈಲಿನಲ್ಲಿರುವುದು ‘ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್’ ಎಂಬ ಮೂರೇ ಪದ. ಅವು ಹಾಗೆಯೇ ಬಂದರೆ ನೆಟ್ ಇದೆ, ಬರದಿದ್ದರೆ ಇಲ್ಲ ಎಂದು ಗುರುತು ಹಾಕುತ್ತದೆ. ಅಪರೂಪಕ್ಕೆ ಆ ಪರೀಕ್ಷೆಯೊಂದೇ ತಪ್ಪಿ ಉಳಿದದ್ದೆಲ್ಲ ನಡೆಯುತ್ತಿರುವುದೂ ಉಂಟು. ಆದ್ದರಿಂದ ಗುರುತನ್ನೇ ನಂಬಿ ಕೂರಬೇಡ, ಯಾವುದಾದರೂ ಪುಟ ತೆರೆದು ನೋಡು.

ತೆರೆಯಲಿಲ್ಲ ಅನ್ನು. ಆಗ ಕೇಳಬೇಕಾದ ಮೊದಲ ಪ್ರಶ್ನೆ: ತೊಂದರೆ ಲ್ಯಾಪ್‌ಟಾಪಿಗೆ ಮಾತ್ರವೋ, ಇಡೀ ಮನೆಗೋ? ಫೋನನ್ನು ಅದೇ ವೈಫೈಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಆದರೆ ಮೊಬೈಲ್ ಡೇಟಾ ಆಫ್ ಮಾಡಿಯೇ ನೋಡಬೇಕು. ವೈಫೈಯಲ್ಲಿ ನೆಟ್ ಬರದಿದ್ದರೆ ಫೋನು ನಮಗೆ ಹೇಳದೆ ಡೇಟಾಕ್ಕೆ ಹೊರಳುತ್ತದೆ. ಫೋನಿನಲ್ಲಿ ಬರುತ್ತಿದೆ, ಲ್ಯಾಪ್‌ಟಾಪಿಗೇ ಏನೋ ಆಗಿದೆ ಎಂದು ಎಷ್ಟೋ ಜನ ದಾರಿ ತಪ್ಪುವುದು ಇಲ್ಲಿಯೇ. ನಿಮ್ಮಲ್ಲಿ ಜಗಲಿಯ ತುದಿ ಬಿಟ್ಟರೆ ಸಿಗ್ನಲ್ ಇಲ್ಲವಾದ್ದರಿಂದ ಅಡುಗೆಮನೆಯಲ್ಲಿ ನಿಂತು ನೋಡಿದರೂ ಸಾಕು.

ಫೋನಿನಲ್ಲೂ ಬರದಿದ್ದರೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಡಬ್ಬಿಯ ಮುಂದೆ ನಿಲ್ಲು. ಅದರಲ್ಲಿ ‘ಪಾನ್’ ಮತ್ತು ‘ಲಾಸ್’ ಎಂದು ಎರಡು ದೀಪಗಳಿವೆ. ಪಾನ್ ಅಲುಗದೆ ಉರಿಯುತ್ತಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿದೆ ಎಂದರ್ಥ. ಲಾಸ್ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ. ರಸ್ತೆಬದಿಯ ಕಂಬದ ಮೇಲೆ ಮರ ಬಿದ್ದಿರಬಹುದು, ಅಥವಾ ಕಪಾಟಿನ ಹಿಂದೆ ಆ ಹಳದಿ ತೆಳು ವೈರು ಮಡಚಿಕೊಂಡಿರಬಹುದು. ಅದರೊಳಗಿನ ಗಾಜಿನ ಎಳೆಯನ್ನು ಚೂಪಾಗಿ ಬಗ್ಗಿಸಿದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಮಡಿಕೆ ಬಿಡಿಸು, ಆದರೆ ವೈರಿನ ತುದಿ ಕಿತ್ತು ಕಣ್ಣಿಗೆ ಹಿಡಿದು ನೋಡಬೇಡ. ನಿಮ್ಮಲ್ಲಿರುವಂಥ ಮನೆ ಫೈಬರಿನಲ್ಲಿ ಬರುವ ಬೆಳಕು 1490 ನ್ಯಾನೋಮೀಟರಿನದು, ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣದ ಬೆಳಕನ್ನು ಹತ್ತಿರದಿಂದ ನೋಡುವುದು ಕಣ್ಣಿಗೆ ಒಳ್ಳೆಯದಲ್ಲ. ಲಾಸ್ ಕೆಂಪಿದ್ದಾಗ ಆಫ್ ಮಾಡಿ ಆನ್ ಮಾಡುತ್ತ ಕೂತು ಪ್ರಯೋಜನವಿಲ್ಲ, ಲೈನಿನವರಿಗೆ ಫೋನ್ ಮಾಡು. ಪಾನ್ ಸರಿಯಿದ್ದು ಇಂಟರ್ನೆಟ್ ಎಂಬ ದೀಪ ಮಾತ್ರ ಹತ್ತದಿದ್ದರೆ ರೀಚಾರ್ಜ್ ಮುಗಿದಿದೆಯೋ ನೋಡು. ಅದೂ ಸರಿಯಿದ್ದರೆ ಡಬ್ಬಿಯ ಸ್ವಿಚ್ ತೆಗೆದು ಒಂದು ನಿಮಿಷ ಬಿಟ್ಟು ಹಾಕು. ಕರೆಂಟ್ ಹೋಗಿ ಬರುವ ನಮ್ಮ ಕಡೆ ಅರ್ಧ ತೊಂದರೆ ಅದರಲ್ಲೇ ಹೋಗುತ್ತದೆ.

ಈ ಸಲ ನಿನಗೆ ಆದದ್ದು ಇದು ಯಾವುದೂ ಅಲ್ಲ. ಫೋನಿನಲ್ಲಿ ವೈಫೈ ಮೂಲಕವೇ ನೆಟ್ ಬರುತ್ತಿದೆ, ಆದ್ದರಿಂದ ಬೆಟ್ಟದಿಂದ ಡಬ್ಬಿಯ ತನಕ ಎಲ್ಲ ಸರಿ. ತೊಂದರೆ ಡಬ್ಬಿಗೂ ಲ್ಯಾಪ್‌ಟಾಪಿಗೂ ನಡುವೆ, ಅದೂ ವಿಳಾಸದ್ದು. ಇದನ್ನು ಸ್ವಲ್ಪ ಬಿಡಿಸಿ ಬರೆಯಬೇಕು.

ನೆಟ್‌ವರ್ಕಿನಲ್ಲಿರುವ ಪ್ರತಿ ಯಂತ್ರಕ್ಕೂ ನಾಲ್ಕು ಸಂಖ್ಯೆಗಳ ಒಂದು ವಿಳಾಸ ಬೇಕು. ಒಂದೊಂದು ಸಂಖ್ಯೆಯೂ 0ಯಿಂದ 255ರೊಳಗೆ. ಅಂದರೆ ಒಟ್ಟು ವಿಳಾಸಗಳು 2ರ 32ನೇ ಘಾತ, 429 ಕೋಟಿ ಚಿಲ್ಲರೆ. ಲೋಕದಲ್ಲಿರುವ ಫೋನು, ಲ್ಯಾಪ್‌ಟಾಪುಗಳಿಗೆಲ್ಲ ಅದು ಸಾಲುವುದಿಲ್ಲ. ಅದಕ್ಕೇ 192.168 ಎಂದು ಶುರುವಾಗುವ ವಿಳಾಸಗಳನ್ನೂ ಇನ್ನೆರಡು ಗುಂಪುಗಳನ್ನೂ ಮನೆ, ಕಚೇರಿಗಳ ಒಳಗಿನ ಬಳಕೆಗೆಂದೇ ತೆಗೆದಿಟ್ಟಿದ್ದಾರೆ. 1996ರಲ್ಲಿ ಬರೆದ ಆ ನಿಯಮ ಇಂದಿಗೂ ನಡೆಯುತ್ತಿದೆ. ನಿನ್ನ ಮನೆಯಲ್ಲಿರುವ ವಿಳಾಸವೇ ನನ್ನ ಮನೆಯಲ್ಲೂ ಇದ್ದೀತು, ಒಂದಕ್ಕೊಂದು ತಾಗುವುದಿಲ್ಲ. ಯಂತ್ರವೊಂದು ವೈಫೈಗೆ ಸೇರಿದಾಗ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ, ಡಬ್ಬಿ ಕೊಡುತ್ತದೆ. ಜೊತೆಗೆ ಹೊರಗೆ ಹೋಗುವ ದಾರಿ ಯಾವುದು, ಹೆಸರುಗಳನ್ನು ಯಾರಲ್ಲಿ ಕೇಳಬೇಕು ಎಂಬುದನ್ನೂ ಹೇಳಿಕೊಡುತ್ತದೆ. ಈ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ನಿನ್ನ ಫೋನು ಹೀಗೆ ಕೇಳಿ ಪಡೆದ ವಿಳಾಸ 192.168.100.6.

ಈಗ ಲ್ಯಾಪ್‌ಟಾಪಿನ ಫೋಟೊ ನೋಡು. ಅಲ್ಲಿರುವುದು 192.168.1.50. ಮೂರನೆಯ ಸಂಖ್ಯೆ ಬೇರೆ. ಅದರ ಕೆಳಗೇ 255.255.255.0 ಎಂದಿದೆಯಲ್ಲ, ಮೊದಲ ಮೂರು ಸಂಖ್ಯೆ ಒಂದೇ ಆಗಿದ್ದವರು ಮಾತ್ರ ಒಂದು ಮನೆಯವರು ಎಂದು ಅದು ಹೇಳುತ್ತದೆ. ಒಂದಕ್ಕೂ ನೂರಕ್ಕೂ ತಾಳೆಯಾಗಲಿಲ್ಲ. ಲ್ಯಾಪ್‌ಟಾಪು 192.168.1.1 ಎಂಬ ಹಳೆಯ ಡಬ್ಬಿಯನ್ನು ಕರೆಯುತ್ತಲೇ ಇದೆ, ಆ ಹೆಸರಿನಲ್ಲಿ ಓಗೊಡುವವರು ಈಗ ಮನೆಯಲ್ಲಿ ಯಾರೂ ಇಲ್ಲ. ಹೊಸ ಡಬ್ಬಿ 192.168.100.1 ಎಂಬಲ್ಲಿ ಕೂತಿದೆ.

ಇದಾದದ್ದು ಮೇ ತಿಂಗಳ ಆ ಸಿಡಿಲಿನಿಂದ. ಹಳೆಯ ಡಬ್ಬಿ ಸುಟ್ಟುಹೋಯಿತು, ಹೊಸದು ತಂದು ಹಾಕಿದರು. ನಿನಗೆ ಅನುಕೂಲವಾಗಲಿ ಎಂದು ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಹಳೆಯದನ್ನೇ ಇಟ್ಟರು. ಲ್ಯಾಪ್‌ಟಾಪ್ ತಾನಾಗಿ ಸೇರಿಕೊಂಡಿತು. ಆದರೆ ಹೋದ ವರ್ಷ ನೆಟ್ ಪದೇಪದೇ ಕಡಿಯುತ್ತಿದ್ದಾಗ ರಿಪೇರಿಗೆ ಬಂದ ಹುಡುಗ ವಿಳಾಸವನ್ನು ಕೈಯಿಂದ ತುಂಬಿಟ್ಟಿದ್ದ. ಅದಕ್ಕೇ ಫೋಟೊದಲ್ಲಿ ‘ಐಪಿ ಅಸೈನ್‌ಮೆಂಟ್’ ಎಂಬುದರ ಎದುರು ‘ಮ್ಯಾನ್ಯುಯಲ್’ ಎಂದಿದೆ. ಅಂದು ಅದರಿಂದ ಕೆಲಸ ನಡೆಯಿತು, ಡಬ್ಬಿ ಬದಲಾದ ದಿನ ನಿಂತಿತು. ಕೈಯಿಂದ ತುಂಬಿದ ವಿಳಾಸ ತಾನಾಗಿ ಬದಲಾಗುವುದಿಲ್ಲ, ಹೊಸದನ್ನು ಕೇಳುವುದೂ ಇಲ್ಲ. ನೀನು ಏನೋ ಒತ್ತಿ ಹಾಳುಮಾಡಿದೆ ಎಂದು ಕೊರಗುತ್ತಿದ್ದೆಯಲ್ಲ, ಅದನ್ನು ಇವತ್ತಿಗೇ ಬಿಡು. ನಿನ್ನ ಕೈಯಿಂದ ಏನೂ ಆಗಿಲ್ಲ.

ಸರಿಮಾಡುವುದು ಹೀಗೆ. ಸೆಟ್ಟಿಂಗ್ಸ್ ತೆರೆ, ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ ಒತ್ತು, ವೈಫೈ ಒತ್ತು, ನಿಮ್ಮ ಮನೆಯ ವೈಫೈ ಹೆಸರಿನ ‘ಪ್ರಾಪರ್ಟೀಸ್’ಗೆ ಹೋಗು. ಕೆಳಗೆ ಇಳಿದರೆ ಐಪಿ ಅಸೈನ್‌ಮೆಂಟ್ ಸಿಗುತ್ತದೆ, ಪಕ್ಕದ ‘ಎಡಿಟ್’ ಒತ್ತಿ ಮ್ಯಾನ್ಯುಯಲ್ ತೆಗೆದು ‘ಆಟೊಮ್ಯಾಟಿಕ್’ ಆರಿಸಿ ಸೇವ್ ಮಾಡು. ಡಿಎನ್ಎಸ್ ಎಂಬುದರ ಎದುರೂ ಮ್ಯಾನ್ಯುಯಲ್ ಇದ್ದರೆ ಅದನ್ನೂ ಹಾಗೆಯೇ ಬದಲಿಸು. ಆಮೇಲೆ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ವಿಳಾಸ 192.168.100 ಎಂದು ಶುರುವಾಗಬೇಕು. ಗೋಲ ಹೋಗಿ ವೈಫೈ ಗೆರೆಗಳು ಬರುತ್ತವೆ.

ವಿಳಾಸ 169.254 ಎಂದು ಶುರುವಾದರೆ ಮಾತ್ರ ಬೇರೆ ಅರ್ಥ. ಲ್ಯಾಪ್‌ಟಾಪ್ ಕೇಳಿತು, ಯಾರೂ ಉತ್ತರ ಕೊಡಲಿಲ್ಲ, ಕೊನೆಗೆ ತಾನೇ ಒಂದು ವಿಳಾಸ ಹಾಕಿಕೊಂಡಿತು. ಆಗ ವೈಫೈ ಹೆಸರನ್ನು ‘ಫರ್ಗೆಟ್’ ಮಾಡಿ, ಡಬ್ಬಿಯನ್ನೂ ಆಫ್ ಮಾಡಿ ಹಾಕಿ, ಮತ್ತೆ ಪಾಸ್‌ವರ್ಡ್ ಕೊಟ್ಟು ಸೇರಿಸು.

ವಿಳಾಸ ಸರಿಯಾಗಿದ್ದೂ ಪುಟ ತೆರೆಯದಿದ್ದರೆ ಚೀಟಿಯ ಮೊದಲ ಸಾಲು ಟೈಪ್ ಮಾಡು. ಅದು 8.8.8.8 ಎಂಬ ಗೂಗಲಿನ ಯಂತ್ರಕ್ಕೆ ನಾಲ್ಕು ಸಲ ಕೂಗಿ ಉತ್ತರಕ್ಕೆ ಕಾಯುತ್ತದೆ. ಇದಕ್ಕೆ ಪಿಂಗ್ ಅಂತ ಹೆಸರು. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬಾತ ತನ್ನ ನೆಟ್‌ವರ್ಕಿನ ತೊಂದರೆ ಹುಡುಕಲು ಬರೆದ ಸಣ್ಣ ಪ್ರೋಗ್ರಾಮು, ನಾನು ಇವತ್ತಿಗೂ ಕೆಲಸದಲ್ಲಿ ಮೊದಲು ಕೈಹಾಕುವುದು ಅದಕ್ಕೇ. ಉತ್ತರ ಬಂದು, ಎರಡನೇ ಸಾಲಿನಲ್ಲಿ ಹೆಸರು ಹಾಕಿ ಕೂಗಿದಾಗ ಬರದಿದ್ದರೆ ದಾರಿ ಸರಿ ಇದೆ, ಹೆಸರನ್ನು ಸಂಖ್ಯೆಗೆ ತಿರುಗಿಸುವ ಡಿಎನ್ಎಸ್ ಕೈಕೊಟ್ಟಿದೆ. ಅದನ್ನು ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದೂ 1983ರಲ್ಲೇ. ಅದಕ್ಕೆ ಮುಂಚೆ ಎಲ್ಲ ಹೆಸರುಗಳೂ ಒಂದೇ ಫೈಲಿನಲ್ಲಿದ್ದವು, ಎಲ್ಲರೂ ಅದನ್ನು ನಕಲು ಮಾಡಿಕೊಳ್ಳಬೇಕಿತ್ತು. ಚೀಟಿಯ ಮೂರನೇ ಸಾಲು ಲ್ಯಾಪ್‌ಟಾಪ್ ನೆನಪಿಟ್ಟುಕೊಂಡ ಹಳೆಯ ಹೆಸರುಗಳನ್ನು ಅಳಿಸುತ್ತದೆ, ನಿನ್ನ ಫೈಲುಗಳನ್ನಲ್ಲ. ಧೈರ್ಯವಾಗಿ ಒತ್ತು.

ಗುರುತು ಸರಿಯಿದ್ದು ಪ್ರತಿ ಪುಟವೂ ‘ಸುರಕ್ಷಿತವಲ್ಲ’ ಎಂದು ಹೆದರಿಸಿದರೆ ತಾರೀಖು ನೋಡು. ಹಳೆಯ ಲ್ಯಾಪ್‌ಟಾಪಿನಲ್ಲಿ ಒಳಗಿನ ಬಿಲ್ಲೆ ಬ್ಯಾಟರಿ ಸತ್ತರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಪ್ರತಿ ಸೈಟಿನ ಪ್ರಮಾಣಪತ್ರಕ್ಕೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ ಲ್ಯಾಪ್‌ಟಾಪ್ ಅದನ್ನು ಒಪ್ಪುವುದಿಲ್ಲ. ‘ನೆಟ್‌ವರ್ಕ್ ರೀಸೆಟ್’ ಎಂಬುದೂ ಒಂದಿದೆ, ಅದನ್ನು ಕೊನೆಗೆ ಇಟ್ಟುಕೊಂಡಿರು. ಒತ್ತಿದರೆ ವೈಫೈ ಪಾಸ್‌ವರ್ಡುಗಳೆಲ್ಲ ಮರೆತುಹೋಗುತ್ತವೆ, ಮೊದಲೇ ಬರೆದಿಟ್ಟುಕೊ.

ಮಳೆ ಹಿಡಿಯಿತು, ಇನ್ನು ಹೊಳೆ ಏರಿ ಸಂಕದ ಮೇಲೆ ನೀರು ಬಂದರೆ ಆ ಕಡೆಯ ಮಕ್ಕಳು ನಿನ್ನ ಜಗಲಿಗೆ ಬರಲಾರರು. ಪುಟ್ಟ ಫೋನಿನಲ್ಲಿ ತ್ರಿಭುಜ ಎಳೆದು ತೋರಿಸಲು ನೀನು ಪಡುವ ಪಾಡು ಕೇಳಿದಾಗಿನಿಂದ ಇದೇ ಯೋಚನೆಯಾಗಿತ್ತು. ಗುಡುಗು ಶುರುವಾಗುವ ಮೊದಲೇ ಡಬ್ಬಿಯ ಪ್ಲಗ್ ಕಿತ್ತಿಡು, ಸ್ವಿಚ್ ತೆಗೆದರೆ ಸಾಲದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಸಿಡಿಲಿನ ಏಟು ಒಳಗೆ ಬರುವುದು ಹೆಚ್ಚಾಗಿ ಕರೆಂಟಿನ ತಂತಿಯಿಂದಲೇ. ಲ್ಯಾಪ್‌ಟಾಪಿನ ಚಾರ್ಜರಿಗೂ ಇದೇ ಮಾತು.

ಆಟೊಮ್ಯಾಟಿಕ್ ಮಾಡಿದ ಮೇಲೆ ಆ ಪರದೆಯ ಫೋಟೊ ಒಂದು ಕಳಿಸು. ಚಿಕ್ಕಪ್ಪನಿಗೆ ನಮಸ್ಕಾರ ಹೇಳು, ಮಕ್ಕಳಿಗೆ ಮುಂದಿನ ವಾರದಿಂದ ಕ್ಲಾಸು ಮೊದಲಿನ ಹಾಗೇ ಎಂದು ಹೇಳಿಬಿಡು.

ನಿನ್ನ ಪ್ರೀತಿಯ
ಪುಟ್ಟಿ